ನರಮೇಧ ಎಂದರೂ ಅಪರಾಧ, ಅಲ್ಲವೆಂದರೂ ಅಪರಾಧ: ಅಂಕಾರಾ ಮತ್ತು ಪ್ಯಾರಿಸ್‌ಗೆ ಒಂದು ಬಹಿರಂಗ ಪತ್ರ

ತುರ್ಕಿ ಗಣರಾಜ್ಯದ ನ್ಯಾಯ ಸಚಿವರಿಗೆ,
ಫ್ರಾನ್ಸಿನ ರಾಷ್ಟ್ರೀಯ ಸಭೆ ಮತ್ತು ಸೆನೆಟ್‌ನ ಸದಸ್ಯರಿಗೆ,

ಮಾನ್ಯರೇ,

ನಿಮ್ಮಿಬ್ಬರಿಗೂ ಒಂದೇ ಪತ್ರ ಬರೆಯಲು ಕಾರಣವಿದೆ. 2006ರ ಅಕ್ಟೋಬರ್ 12ರಂದು ಪ್ಯಾರಿಸ್‌ನ ರಾಷ್ಟ್ರೀಯ ಸಭೆ, ಆರ್ಮೇನಿಯನ್ನರ ನರಮೇಧವನ್ನು ಅಲ್ಲಗಳೆಯುವುದು ಶಿಕ್ಷಾರ್ಹ ಎಂಬ ಮಸೂದೆಯನ್ನು 106–19 ಮತಗಳಿಂದ ಅಂಗೀಕರಿಸಿತು. ತುರ್ಕಿಯ ಕಾದಂಬರಿಕಾರ ಓರ್ಹಾನ್ ಪಾಮುಕ್ ಅವರಿಗೆ ನೊಬೆಲ್ ಘೋಷಣೆಯಾದದ್ದೂ ಅದೇ ದಿನ. ಅದಕ್ಕೆ ಹತ್ತು ತಿಂಗಳ ಮುಂಚೆ ಇದೇ ಪಾಮುಕ್ ಇಸ್ತಾನ್‌ಬುಲ್‌ನ ಕೋರ್ಟಿಗೆ ಆರೋಪಿಯಾಗಿ ಹಾಜರಾಗಿದ್ದರು. ಈ ನೆಲದಲ್ಲಿ ಹತ್ತು ಲಕ್ಷ ಆರ್ಮೇನಿಯನ್ನರನ್ನೂ ಮೂವತ್ತು ಸಾವಿರ ಕುರ್ದರನ್ನೂ ಕೊಲ್ಲಲಾಯಿತು ಎಂದು ಸ್ವಿಸ್ ಪತ್ರಿಕೆಯೊಂದಕ್ಕೆ ಹೇಳಿದ್ದೇ ಅವರ ಅಪರಾಧ. ಹೌದು ಎಂದವರನ್ನು ಒಂದು ರಾಜಧಾನಿ ಕಟಕಟೆಗೆ ಎಳೆಯುತ್ತಿದ್ದಾಗ, ಇಲ್ಲ ಎಂದವರಿಗೆ ಇನ್ನೊಂದು ರಾಜಧಾನಿ ಕಟಕಟೆ ಕಟ್ಟುತ್ತಿತ್ತು. ಈ ಎರಡು ಕಾನೂನುಗಳು ಎದುರಾಳಿಗಳಂತೆ ಕಂಡರೂ ಒಂದರ ಅನ್ನ ಇನ್ನೊಂದು ತಿಂದು ಬದುಕುತ್ತವೆ ಎಂಬುದು ನಮ್ಮ ವಾದ.

ಕನ್ನಡದಲ್ಲಿ ಬರೆದ ಪತ್ರ ಅಂಕಾರಾ ಮುಟ್ಟುತ್ತದೆಯೇ ಎಂದು ಕೇಳುವವರಿದ್ದಾರೆ. ಮುಟ್ಟದಿದ್ದರೂ ಬೆಂಗಳೂರಿಗೆ ಮುಟ್ಟಲಿ, ಇಲ್ಲಿಯೂ ಓದಬೇಕಾದವರಿದ್ದಾರೆ. ಅಲ್ಲದೆ ದಕ್ಷಿಣ ಭಾರತಕ್ಕೆ ಆರ್ಮೇನಿಯನ್ನರು ಪರಕೀಯರೇನಲ್ಲ. ಜಗತ್ತಿನ ಮೊದಲ ಆರ್ಮೇನಿಯನ್ ನಿಯತಕಾಲಿಕೆ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. 1915ರಲ್ಲಿ, ಇಂದಿನ ತುರ್ಕಿಗೆ ಮುಂಚಿನ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರಿಗೆ ಆದದ್ದು ನರಮೇಧ. ಏಪ್ರಿಲ್ 24ರ ರಾತ್ರಿ ಆಗಿನ ರಾಜಧಾನಿ ಇಸ್ತಾನ್‌ಬುಲ್‌ನಲ್ಲಿ ಆರ್ಮೇನಿಯನ್ ಲೇಖಕರು, ಪಾದ್ರಿಗಳು, ವಕೀಲರ ಬಂಧನ ಶುರುವಾಯಿತು. ಮೇ 27ರಂದು ಗಡೀಪಾರಿಗೆ ಕಾನೂನಿನ ರೂಪ ಬಂತು. ಅನಟೋಲಿಯದ ಊರುಗಳಿಂದ ಹೊರಟ ಸಾಲುಗಳು ಸಿರಿಯಾದ ದೇರ್ ಎಜ್ ಜೋರ್ ಮರುಭೂಮಿಯಲ್ಲಿ ಕರಗಿಹೋದವು. ಇದನ್ನು ಶತ್ರುರಾಷ್ಟ್ರಗಳ ಅಪಪ್ರಚಾರ ಎನ್ನುವವರು ಗಡೀಪಾರಿನ ಸೂತ್ರಧಾರ, ಒಳಾಡಳಿತ ಸಚಿವ ತಲಾತ್ ಪಾಷಾ ತನಗಾಗಿ ಇಟ್ಟುಕೊಂಡಿದ್ದ ಲೆಕ್ಕದ ಪುಸ್ತಕವನ್ನು ನೋಡಬೇಕು. ಆತನ ವಿಧವೆ ಜೋಪಾನವಾಗಿಟ್ಟಿದ್ದ ಆ ಪುಟಗಳನ್ನು ತುರ್ಕಿಯ ಪತ್ರಕರ್ತರೊಬ್ಬರು ಪ್ರಕಟಿಸಿದ್ದಾರೆ. ಯುದ್ಧಕ್ಕೆ ಮುಂಚೆ ಸಾಮ್ರಾಜ್ಯದಲ್ಲಿದ್ದ ಆರ್ಮೇನಿಯನ್ನರು ಸುಮಾರು 12,56,000, 1917ರಲ್ಲಿ ಉಳಿದವರು 2,84,157. ಕಾಣೆಯಾದವರೆಲ್ಲ ಸತ್ತವರಲ್ಲ, ರಷ್ಯಾ ಕಡೆಗೆ ಓಡಿ ಬದುಕಿಕೊಂಡವರೂ ಇದ್ದಾರೆ. ಆದರೆ ಲೆಕ್ಕ ಬರೆದವನು ಶತ್ರುವಲ್ಲ, ಸಚಿವ.

ಸಚಿವರೇ, ಈಗ ನಿಮ್ಮ ದಂಡಸಂಹಿತೆಯ 301ನೇ ವಿಧಿಗೆ ಬರೋಣ.

2005ರ ಜೂನ್ 1ರಂದು ಜಾರಿಯಾದಾಗ ಅದು ‘ತುರ್ಕಿತನ’ವನ್ನು ಅವಮಾನಿಸಿದವರಿಗೆ ಮೂರು ವರ್ಷದವರೆಗೆ ಜೈಲು ಎಂದಿತ್ತು. 2008ರ ಏಪ್ರಿಲ್‌ನಲ್ಲಿ ತಿದ್ದುಪಡಿಯಾಗಿ ‘ತುರ್ಕಿ ರಾಷ್ಟ್ರ’ ಎಂದಾಯಿತು, ಗರಿಷ್ಠ ಶಿಕ್ಷೆ ಎರಡು ವರ್ಷಕ್ಕಿಳಿಯಿತು, ತನಿಖೆ ಶುರುವಾಗಬೇಕಾದರೆ ನ್ಯಾಯ ಸಚಿವರ ಅನುಮತಿ ಬೇಕು ಎಂಬ ಷರತ್ತು ಸೇರಿತು. ಸುಧಾರಣೆ ಎಂದು ನಿಮ್ಮವರು ಯುರೋಪಿನಲ್ಲೆಲ್ಲ ಹೇಳಿಕೊಂಡದ್ದು ಈ ಷರತ್ತನ್ನೇ. ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ. ಯಾರೋ ಒಬ್ಬರು ಪ್ರಾಸಿಕ್ಯೂಟರ್‌ಗೆ ದೂರು ಕೊಡುತ್ತಾರೆ. ದೂರು ಕೊಡಲು ಖರ್ಚಿಲ್ಲ, ನೊಂದವರೇ ಆಗಿರಬೇಕೆಂದೂ ಇಲ್ಲ. 2005–06ರಲ್ಲಿ ಲೇಖಕರ ಮೇಲೆ ಸಾಲುಸಾಲಾಗಿ ದೂರು ಕೊಟ್ಟದ್ದು ಕೆಲವು ರಾಷ್ಟ್ರವಾದಿ ವಕೀಲರ ಗುಂಪು. ಕಡತ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿ ಸಚಿವರು ಇತಿಹಾಸದ ಪರೀಕ್ಷಕರಾಗಿ ಕೂರುತ್ತಾರೆ: ಈ ವಾಕ್ಯ ಟೀಕೆಯೋ, ಅವಮಾನವೋ? ಈ ನಡುವೆ ಲೇಖಕನ ಹೆಸರು ಪತ್ರಿಕೆಯಲ್ಲಿ ಬಂದಾಗಿದೆ, ಬೆದರಿಕೆ ಕರೆಗಳು ಶುರುವಾಗಿವೆ. ಆಮೇಲೆ ಅನುಮತಿ ನಿರಾಕರಿಸಿದರೆಷ್ಟು, ಬಿಟ್ಟರೆಷ್ಟು?

ಇತಿಹಾಸಕಾರ ತಾನೇರ್ ಅಕ್ಚಾಮ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರ ಅಕ್ಟೋಬರ್ 25ರಂದು ಇದನ್ನೇ ಹೇಳಿತು. ಅವರಿಗೆ ಆಗ ಶಿಕ್ಷೆಯಾಗಿರಲಿಲ್ಲ. ಆದರೂ ತನಿಖೆಯ ಭಯವೊಂದೇ ವಿದ್ವಾಂಸನ ಕೈ ಕಟ್ಟಿಹಾಕಲು ಸಾಕು, ವಿಧಿಯ ಪದಗಳು ಎತ್ತ ಬೇಕಾದರೂ ಎಳೆಯುವಷ್ಟು ಸಡಿಲ, ಇಂದಿನ ಸಚಿವರು ಅನುಮತಿ ಕೊಡದಿದ್ದರೂ ನಾಳೆ ಸರ್ಕಾರದ ಧೋರಣೆ ಬದಲಾದರೆ ಕೊಡಬಹುದು ಎಂದು ನ್ಯಾಯಾಲಯ ವಿವರಿಸಿತು. ನಿಮ್ಮ ಒಳ್ಳೆಯತನದ ಬಗ್ಗೆ ನಮಗೆ ಅನುಮಾನವಿಲ್ಲ ಎಂದೇ ಇಟ್ಟುಕೊಳ್ಳಿ. ನಿಮ್ಮ ನಂತರ ಬರುವವರ ಬಗ್ಗೆ ನೀವೇ ಖಾತ್ರಿ ಕೊಡಲಾರಿರಿ.

ಅನುಮತಿಯ ಷರತ್ತು ಸೋರುವ ಜಾಗಗಳು ಇನ್ನೂ ಇವೆ. ಪಾಮುಕ್ ಮೇಲಿನ ಕ್ರಿಮಿನಲ್ ಕೇಸು 2006ರ ಜನವರಿಯಲ್ಲಿ ಬಿದ್ದುಹೋಯಿತು. ಆದರೆ ಅದೇ ಮಾತಿಗಾಗಿ ಕೆಲವರು ಸಿವಿಲ್ ದಾವೆ ಹೂಡಿದರು, 2011ರಲ್ಲಿ ಕೋರ್ಟು ಪಾಮುಕ್ ಅವರಿಂದ 6,000 ಲಿರಾ ಪರಿಹಾರ ಕೊಡಿಸಿತು. ಸಂಸತ್ತಿನಲ್ಲೂ ಅಷ್ಟೇ. 2017ರ ಜನವರಿಯಲ್ಲಿ ಸದಸ್ಯ ಗಾರೋ ಪೈಲಾನ್ ನರಮೇಧ ಎಂಬ ಪದ ಬಳಸಿದ್ದಕ್ಕೆ ಮೂರು ಕಲಾಪಗಳಿಂದ ಹೊರಗಿಟ್ಟರು, ಅದಕ್ಕೆ 301 ಬೇಕಾಗಲೇ ಇಲ್ಲ. 2024ರ ಏಪ್ರಿಲ್ 24ರಂದು ‘ಅಚಿಕ್ ರಾದಿಯೊ’ ಎಂಬ ಇಸ್ತಾನ್‌ಬುಲ್‌ನ ಬಾನುಲಿಯಲ್ಲಿ ಅತಿಥಿಯೊಬ್ಬರು ಆ ಪದ ಆಡಿದರು. ಪ್ರಸಾರ ನಿಯಂತ್ರಣ ಮಂಡಳಿ ಮೊದಲು ದಂಡ ಹಾಕಿ ಐದು ದಿನ ಆ ಕಾರ್ಯಕ್ರಮ ನಿಲ್ಲಿಸಲು ಹೇಳಿತು, ನಿಲ್ಲಿಸಲಿಲ್ಲವೆಂದು ಪರವಾನಗಿಯನ್ನೇ ಕಿತ್ತುಕೊಂಡಿತು. 1995ರಿಂದ ನಡೆದುಬಂದಿದ್ದ ಕೇಂದ್ರ ಆ ಅಕ್ಟೋಬರ್‌ನಲ್ಲಿ ಎಫ್‌ಎಂ ತರಂಗದಿಂದ ಇಳಿಯಿತು. ಅಂದರೆ 301 ಒಂದೇ ಸಮಸ್ಯೆಯಲ್ಲ. ಆದರೆ ಈ ಮಾತು ಅಪರಾಧ ಎಂಬ ಮುದ್ರೆ ಒತ್ತುವುದು ಅದೇ, ಉಳಿದ ಇಲಾಖೆಗಳು ಆ ಮುದ್ರೆ ನೋಡಿ ನಡೆಯುತ್ತವೆ.

ಹ್ರಾಂತ್ ದಿಂಕ್ ಪ್ರಕರಣವನ್ನು ನಿಮಗೆ ನೆನಪಿಸಬೇಕಾಗಿ ಬಂದದ್ದೇ ಬೇಸರ. ಇಸ್ತಾನ್‌ಬುಲ್‌ನ ಆರ್ಮೇನಿಯನ್ ವಾರಪತ್ರಿಕೆ ‘ಅಗೋಸ್’ನ ಸಂಪಾದಕರಾಗಿದ್ದ ಅವರು ಆರ್ಮೇನಿಯನ್ ಅಸ್ಮಿತೆಯ ಬಗ್ಗೆ ಬರೆದ ಲೇಖನಮಾಲೆಯ ಒಂದು ವಾಕ್ಯವನ್ನು ಕಿತ್ತು ಕೇಸು ಹಾಕಲಾಯಿತು. ಆ ವಾಕ್ಯದ ಗುರಿ ತುರ್ಕರಲ್ಲ, ತುರ್ಕರ ಮೇಲಿನ ದ್ವೇಷವನ್ನೇ ಬದುಕಾಗಿಸಿಕೊಂಡ ಆರ್ಮೇನಿಯನ್ನರು. ಕೋರ್ಟು ತಾನೇ ನೇಮಿಸಿದ ತಜ್ಞರು ಇದರಲ್ಲಿ ಅವಮಾನವಿಲ್ಲ ಎಂದು ವರದಿ ಕೊಟ್ಟರು. ಆದರೂ 2005ರ ಅಕ್ಟೋಬರ್‌ನಲ್ಲಿ ಆರು ತಿಂಗಳ ಅಮಾನತು ಶಿಕ್ಷೆಯಾಯಿತು, ಮೇಲಿನ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ದಿನವೂ ಜೈಲಿಲ್ಲ, ಸೌಮ್ಯ ಶಿಕ್ಷೆ ಎಂದೇ ಕಾಗದದ ಮೇಲೆ ಕಾಣುತ್ತದೆ. ಆದರೆ ‘ತುರ್ಕರನ್ನು ಅವಮಾನಿಸಿದವನು’ ಎಂದು ಸರ್ಕಾರವೇ ಹಣೆಪಟ್ಟಿ ಕಟ್ಟಿದಂತಾಯಿತು. 2007ರ ಜನವರಿ 19ರಂದು ಪತ್ರಿಕಾ ಕಚೇರಿಯ ಮುಂದೆ ಹದಿನೇಳರ ಹುಡುಗನೊಬ್ಬ ಅವರನ್ನು ಗುಂಡಿಟ್ಟು ಕೊಂದ. ಸಂಚಿನ ಸುಳಿವು ಪೊಲೀಸರಿಗೆ ಮೊದಲೇ ಇತ್ತು, ಜೀವ ಉಳಿಸಲು ಏನೂ ಮಾಡಲಿಲ್ಲ ಎಂದು 2010ರ ಸೆಪ್ಟೆಂಬರ್ 14ರಂದು ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಶಿಕ್ಷೆ ವಿಧಿಸಿದ್ದೇ ವಾಕ್‌ಸ್ವಾತಂತ್ರ್ಯದ ಉಲ್ಲಂಘನೆ ಎಂದೂ ಹೇಳಿತು.

ಫ್ರಾನ್ಸಿನ ಸದಸ್ಯರೇ, ಇದೇ ದಿಂಕ್ ಸಾಯುವ ಮೂರು ತಿಂಗಳ ಮುಂಚೆ ನಿಮ್ಮ ಮಸೂದೆಯ ಬಗ್ಗೆ ಏನೆಂದಿದ್ದರು ಗೊತ್ತಲ್ಲ? ಅದು ಕಾನೂನಾದರೆ ತಾನು ಫ್ರಾನ್ಸಿಗೆ ಬಂದು, ತನ್ನ ನಂಬಿಕೆಗೆ ವಿರುದ್ಧವಾಗಿಯೇ, ನರಮೇಧ ನಡೆದಿಲ್ಲ ಎಂದು ಸಾರಿ ಆ ಕಾನೂನು ಮುರಿಯುತ್ತೇನೆ ಎಂದಿದ್ದರು. ನರಮೇಧದಲ್ಲಿ ಅಳಿದ ಸಮುದಾಯದ ಮನುಷ್ಯ, ಅದನ್ನು ಹೇಳುವ ಹಕ್ಕಿಗಾಗಿ ಬೆಲೆ ತೆರುತ್ತಿದ್ದ ಮನುಷ್ಯ, ನಿಮ್ಮ ರಕ್ಷಣೆ ಬೇಡವೆಂದದ್ದು ಏಕೆ? ಅಂಕಾರಾದಲ್ಲಿ 301ನ್ನು ಸಮರ್ಥಿಸುವವರಿಗೆ ಪ್ಯಾರಿಸ್ ಒಂದು ಉತ್ತರ ಕೊಡುತ್ತದೆ ಎಂದು ಅವರಿಗೆ ಕಂಡಿತ್ತು. ‘ನಾವು ಮಾತಿಗೆ ಶಿಕ್ಷೆ ಕೊಡುತ್ತೇವೆ, ಸರಿ, ಅವರು ಕೊಡುವುದಿಲ್ಲವೇ?’

ಆದರೂ ನೀವು ಬಿಡಲಿಲ್ಲ. 2011ರ ಡಿಸೆಂಬರ್ 22ರಂದು ರಾಷ್ಟ್ರೀಯ ಸಭೆ, 2012ರ ಜನವರಿ 23ರಂದು ಸೆನೆಟ್ 127–86ರಿಂದ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟವು. ಕಾನೂನು ಗುರುತಿಸಿದ ನರಮೇಧವನ್ನು ಅಲ್ಲಗಳೆದರೆ ಅಥವಾ ‘ಅತಿರೇಕವಾಗಿ ಕಿರಿದುಗೊಳಿಸಿದರೆ’ ಒಂದು ವರ್ಷ ಜೈಲು, 45,000 ಯೂರೋ ದಂಡ. ತುರ್ಕಿ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡು ಸೇನಾ ಸಹಕಾರ ನಿಲ್ಲಿಸಿತು. ನಿಮ್ಮಲ್ಲೇ ಅರವತ್ತಕ್ಕೂ ಹೆಚ್ಚು ಸದಸ್ಯರು ಎರಡೂ ಸದನಗಳಿಂದ, ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ತೀರ್ಮಾನಿಸುವ ಸಂವಿಧಾನ ಮಂಡಳಿಗೆ ಹೋದರು, ಫೆಬ್ರವರಿ 28ರಂದು ಅದು ಮಸೂದೆಯನ್ನು ಪೂರ್ತಿ ಹೊಡೆದುಹಾಕಿತು. ಸಂಸತ್ತು ತಾನೇ ಒಂದು ಘಟನೆಯನ್ನು ಅಪರಾಧವೆಂದು ಗುರುತಿಸಿ, ಆ ಗುರುತನ್ನು ಪ್ರಶ್ನಿಸಿದವರನ್ನು ತಾನೇ ಶಿಕ್ಷಿಸಲಾಗದು ಎಂಬುದು ಅದರ ತರ್ಕ. 2001ರ ಜನವರಿ 29ರ ನಿಮ್ಮ ಕಾನೂನು ಒಂದೇ ವಾಕ್ಯದ್ದು: 1915ರ ಆರ್ಮೇನಿಯನ್ ನರಮೇಧವನ್ನು ಫ್ರಾನ್ಸ್ ಸಾರ್ವಜನಿಕವಾಗಿ ಗುರುತಿಸುತ್ತದೆ. ಗೌರವದ ವಾಕ್ಯ, ನಾವೂ ಒಪ್ಪುತ್ತೇವೆ. ಅದಕ್ಕೆ ಬೇಡಿ ತೊಡಿಸಲು ಹೋದಾಗಲೇ ಕೆಟ್ಟದ್ದು. 2017ರ ಜನವರಿಯಲ್ಲಿ ಇನ್ನೊಂದು ಕಾನೂನಿನೊಳಗೆ ಸುತ್ತಿಟ್ಟು ತಂದ ಇಂಥದೇ ಕಲಮನ್ನು ಮಂಡಳಿ ಮತ್ತೆ ತಳ್ಳಿಹಾಕಿತು.

‘ಕಿರಿದುಗೊಳಿಸುವುದು’ ಎಂಬ ಪದದ ಅಪಾಯವನ್ನು ನಮ್ಮ ದೇಶದ ಉದಾಹರಣೆಯಿಂದ ಹೇಳುತ್ತೇವೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸತ್ತವರು 379 ಎಂದು ಬ್ರಿಟಿಷ್ ಸರ್ಕಾರದ ಹಂಟರ್ ಸಮಿತಿ ಹೇಳಿತು, ಕಾಂಗ್ರೆಸ್ಸಿನ ವಿಚಾರಣೆ ಸುಮಾರು ಸಾವಿರ ಎಂದಿತು. ಇಂದು ಯಾರಾದರೂ ಕಡತ ಹಿಡಿದು 379ನ್ನೇ ವಾದಿಸಿದರೆ ಅವರು ಡೈಯರ್‌ನ ಪಕ್ಷವೇ? ಅದು ಸಂಶೋಧನೆಯೋ ಕುಚೋದ್ಯವೋ ಎಂದು ತೀರ್ಮಾನಿಸಬೇಕಾದದ್ದು ಇನ್ನೊಂದು ಕಡತ, ನ್ಯಾಯಾಧೀಶರಲ್ಲ. 1915ರ ಸಾವಿನ ಅಂದಾಜುಗಳು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಹರಡಿವೆ. ಯಾವ ಅಂಕಿಯ ಕೆಳಗೆ ಇಳಿದರೆ ಜೈಲು?

ಯಹೂದಿ ನರಮೇಧವನ್ನು ಅಲ್ಲಗಳೆಯುವವರ ವಿರುದ್ಧ 1990ರ ಗೇಸೋ ಕಾನೂನಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೊಂದು ವ್ಯತ್ಯಾಸವಿದೆ: ನಾಜಿ ನಾಯಕರನ್ನು ವಿಚಾರಣೆ ಮಾಡಿದ ನ್ಯೂರೆಂಬರ್ಗ್ ನ್ಯಾಯಮಂಡಳಿಯ ವ್ಯಾಖ್ಯೆಗೂ ತೀರ್ಪುಗಳಿಗೂ ಅದು ಕಟ್ಟುಬಿದ್ದಿದೆ, ಸಂಸತ್ತಿನ ಮತಕ್ಕಲ್ಲ. 2016ರಲ್ಲಿ ಸಂವಿಧಾನ ಮಂಡಳಿ ಅದನ್ನು ಉಳಿಸಿಕೊಂಡದ್ದು ಈ ಕಾರಣಕ್ಕೂ ಹೌದು. ಆದರೂ ಮರೆಯಬಾರದ ಸಂಗತಿಯೊಂದಿದೆ. ತಂದೆ ತಾಯಿ ಇಬ್ಬರನ್ನೂ ಆಶ್ವಿಟ್ಜ್‌ನಲ್ಲಿ ಕಳೆದುಕೊಂಡ ಇತಿಹಾಸಕಾರ ಪಿಯೇರ್ ವಿದಾಲ್ ನಾಕೆ, ಅಲ್ಲಗಳೆಯುವವರ ಬಣ್ಣ ಬಯಲು ಮಾಡುವುದಕ್ಕೆ ವರ್ಷಗಟ್ಟಲೆ ದುಡಿದವರು, ಗೇಸೋ ಕಾನೂನನ್ನೇ ವಿರೋಧಿಸಿದ್ದರು. 2005ರ ಡಿಸೆಂಬರ್‌ನಲ್ಲಿ ‘ಇತಿಹಾಸಕ್ಕೆ ಸ್ವಾತಂತ್ರ್ಯ’ ಎಂದು ಸಹಿ ಹಾಕಿದ 19 ಇತಿಹಾಸಕಾರರಲ್ಲಿ ಅವರೂ ಒಬ್ಬರು. ಅದೇ ವರ್ಷದ ಫೆಬ್ರವರಿಯಲ್ಲಿ ನಿಮ್ಮ ಸಂಸತ್ತು, ಸಾಗರದಾಚೆ, ಅದರಲ್ಲೂ ಉತ್ತರ ಆಫ್ರಿಕಾದಲ್ಲಿ, ಫ್ರೆಂಚರ ಇರುವಿಕೆಯ ‘ಸಕಾರಾತ್ಮಕ ಪಾತ್ರ’ವನ್ನು ಶಾಲೆಯಲ್ಲಿ ಕಲಿಸಬೇಕು ಎಂದು ಕಾನೂನು ಮಾಡಿತ್ತು. ಒಂದು ವರ್ಷದಲ್ಲಿ ಆ ಕಲಮು ಹೋಯಿತು, ಆದರೆ ಇತಿಹಾಸಕ್ಕೆ ಕಾನೂನು ಬರೆಯುವ ಕೈ ಯಾವ ಕಡೆಗೂ ಹೊರಳಬಲ್ಲದು ಎಂದು ತೋರಿಸಿಯೇ ಹೋಯಿತು.

ಶಿಕ್ಷೆ ಅಲ್ಲಗಳೆಯುವವರನ್ನು ಏನು ಮಾಡುತ್ತದೆ ಎಂದು ಸ್ವಿಟ್ಜರ್ಲೆಂಡ್ ನೋಡಿದೆ. ತುರ್ಕಿಯ ರಾಜಕಾರಣಿ ದೋಗು ಪೆರಿಂಚೆಕ್ 2005ರಲ್ಲಿ ಅಲ್ಲಿ ಮೂರು ಸಭೆಗಳಲ್ಲಿ ನರಮೇಧವನ್ನು ‘ಅಂತರರಾಷ್ಟ್ರೀಯ ಸುಳ್ಳು’ ಎಂದರು. 2007ರಲ್ಲಿ ಲೊಸಾನ್ ಕೋರ್ಟು ಶಿಕ್ಷೆ ಕೊಟ್ಟಿತು. 2015ರ ಅಕ್ಟೋಬರ್ 15ರಂದು ಯುರೋಪಿನ ನ್ಯಾಯಾಲಯದ ದೊಡ್ಡ ಪೀಠ 10–7ರಿಂದ ಅವರ ಪರ ನಿಂತಿತು: ಮಾತಿನಲ್ಲಿ ದ್ವೇಷದ ಕರೆಯಿರಲಿಲ್ಲ, ಘಟನೆಗೂ ಸ್ವಿಟ್ಜರ್ಲೆಂಡಿಗೂ ನೇರ ನಂಟಿಲ್ಲ, ಕ್ರಿಮಿನಲ್ ಶಿಕ್ಷೆ ಇಲ್ಲಿ ಅನಗತ್ಯ. 1915ರಲ್ಲಿ ನಡೆದದ್ದು ನರಮೇಧವೇ ಎಂಬುದನ್ನು ತಾನು ನಿರ್ಣಯಿಸುತ್ತಿಲ್ಲ ಎಂದು ಪೀಠ ಸ್ಪಷ್ಟವಾಗಿ ಬರೆಯಿತು. ಆದರೆ ಪೆರಿಂಚೆಕ್ ಅದನ್ನು ತಮ್ಮ ವಾದಕ್ಕೇ ಸಿಕ್ಕ ಗೆಲುವೆಂದು ಸಾರಿದರು. ಹತ್ತು ವರ್ಷದ ಕೇಸಿನ ಫಲವಾಗಿ ಒಬ್ಬ ಅಲ್ಲಗಳೆಯುವವನಿಗೆ ಸ್ವಾತಂತ್ರ್ಯವೀರನ ಪೇಟ.

ದ್ವೇಷ ಕಾರುವವರನ್ನು ಸುಮ್ಮನೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಫ್ರಾನ್ಸಿನ 1881ರ ಪತ್ರಿಕಾ ಕಾನೂನಿನ 24ನೇ ವಿಧಿ ಒಂದು ಜನಾಂಗದ ಮೇಲೆ ದ್ವೇಷ, ಹಿಂಸೆಗೆ ಪ್ರಚೋದಿಸಿದರೆ ಒಂದು ವರ್ಷ ಜೈಲು, 45,000 ಯೂರೋ ದಂಡ ಎನ್ನುತ್ತದೆ. 2012ರ ಮಸೂದೆಯಲ್ಲಿದ್ದ ಶಿಕ್ಷೆಯೂ ಇಷ್ಟೇ! ಆರ್ಮೇನಿಯನ್ನರ ವಿರುದ್ಧ ಜನರನ್ನು ಎತ್ತಿಕಟ್ಟುವವನಿಗೆ ಕಾನೂನು ಈಗಾಗಲೇ ಇದೆ. ಬೇಕಾದ್ದು ಅದನ್ನು ಬಳಸುವ ಪ್ರಾಸಿಕ್ಯೂಟರ್, ನಾಲ್ಕನೇ ಮಸೂದೆಯಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಡತ ತೆರೆಯುವುದು. ಇದು ಸಪ್ಪೆ ಮಾತಿನಂತೆ ಕೇಳಿಸುತ್ತದೆ, ಆದರೆ ನಿಮ್ಮಿಬ್ಬರಿಗೂ ಕಷ್ಟವಾಗಿರುವುದು ಇದೇ.

ಸಚಿವರೇ, ಒಟ್ಟೋಮನ್ ದಾಖಲೆಗಳು ಎಲ್ಲರಿಗೂ ತೆರೆದಿವೆ ಎಂದು ನಿಮ್ಮ ಸರ್ಕಾರ ಹೇಳುತ್ತದೆ. ಇಸ್ತಾನ್‌ಬುಲ್‌ನ ರಾಜ್ಯ ದಾಖಲಾಗಾರದ ಮಟ್ಟಿಗೆ ಅದರಲ್ಲಿ ಬಹಳಷ್ಟು ನಿಜ. ಆದರೆ 2005ರಲ್ಲಿ ಭೂದಾಖಲೆ ಇಲಾಖೆ ತನ್ನ ಒಟ್ಟೋಮನ್ ಕಾಲದ ಪುಸ್ತಕಗಳನ್ನು ತೆರೆಯಲು ಹೊರಟಾಗ, ನರಮೇಧದ ವಾದಕ್ಕೂ ಆಸ್ತಿಯ ದಾವೆಗಳಿಗೂ ಇವು ಬಳಕೆಯಾಗಬಹುದು, ಮುಚ್ಚಿಡಿ ಎಂದು ರಾಷ್ಟ್ರೀಯ ಭದ್ರತಾ ಮಂಡಳಿ ಪತ್ರ ಬರೆಯಿತು. ಗುಟ್ಟು ಇರುವುದು ಇಲ್ಲೇ. ಗಡೀಪಾರಾದವರ ಮನೆ, ಹೊಲ, ಅಂಗಡಿಗಳನ್ನು ಪಟ್ಟಿ ಮಾಡಿ ಹಂಚಲೆಂದೇ 1915ರ ಜೂನ್‌ನಿಂದ ‘ವಾರಸುದಾರರಿಲ್ಲದ ಆಸ್ತಿ’ ಸಮಿತಿಗಳಿದ್ದವು. ಯಾರ ಹೊಲ, ಎಷ್ಟು, ಯಾರಿಗೆ ಹೋಯಿತು ಎಂಬುದು ಆ ಪುಸ್ತಕಗಳಲ್ಲಿದೆ. ಪಹಣಿ ನೋಡಿದರೆ ಜಗಳದ ಅರ್ಧ ಬಗೆಹರಿಯುತ್ತದೆ ಎಂದು ನಮ್ಮ ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಪಹಣಿಯನ್ನೇ ಬೀರುವಿನಲ್ಲಿಟ್ಟು ಜಂಟಿ ಇತಿಹಾಸ ಆಯೋಗಕ್ಕೆ ಬನ್ನಿ ಎಂದು ಆರ್ಮೇನಿಯದ ರಾಜಧಾನಿ ಯೆರೆವಾನ್‌ನ್ನು ಕರೆದರೆ ಯಾರು ಬಂದಾರು? 301 ಇರುವವರೆಗೆ ಆ ಆಯೋಗದಲ್ಲಿ ಕೂರುವ ತುರ್ಕಿ ಸದಸ್ಯರಿಗಾದರೂ ಬಾಯಿ ಬಿಡುವ ಧೈರ್ಯ ಎಲ್ಲಿಂದ? ಬಾಸ್ಟನ್ ಬಳಿಯಿರುವ ಆರ್ಮೇನಿಯನ್ನರ ದಾಶ್ನಾಕ್ ಪಕ್ಷದ ದಫ್ತರಗಳೂ ತೆರೆಯಲಿ ಎಂಬ ನಿಮ್ಮ ಬೇಡಿಕೆ ನ್ಯಾಯವೇ, ಅದನ್ನು ಷರತ್ತು ಮಾಡಬೇಡಿ.

ಇನ್ನೊಂದು ತೊಡಕು ಲಿಪಿಯದು. 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್‌ಗೆ ಬಂದ ಮೇಲೆ, ಕಡತ ತೆರೆದಿಟ್ಟರೂ ತುರ್ಕಿಯ ಸಾಮಾನ್ಯ ಓದುಗ ಅದನ್ನು ಓದಲಾರ. ಆ ಲಿಪಿಯ ಒಂದು ಉದಾಹರಣೆ ನೋಡಿ: ಗಡೀಪಾರು, ಕೊಲೆಗಳ ವಿಚಾರಣೆ ನಡೆಸಿದ 1919ರ ಒಟ್ಟೋಮನ್ ಸೇನಾ ನ್ಯಾಯಾಲಯಗಳು ಯುದ್ಧಕಾಲದ ಸರ್ಕಾರದ ನಾಯಕರಾದ ತಲಾತ್, ಎನ್ವೆರ್, ಜೆಮಾಲರಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದವು. ಬೊಗಾಜ್‌ಲಿಯಾನ್‌ನ ಅಧಿಕಾರಿ ಕೆಮಾಲ್‌ನನ್ನು ಏಪ್ರಿಲ್ 10ರಂದು ಗಲ್ಲಿಗೇರಿಸಲಾಯಿತು. ಮೂರೇ ವರ್ಷದಲ್ಲಿ ಅಂಕಾರಾದ ಸಭೆ ಅದೇ ಕೆಮಾಲ್‌ನನ್ನು ‘ರಾಷ್ಟ್ರೀಯ ಹುತಾತ್ಮ’ ಎಂದು ಘೋಷಿಸಿತು. ಆ ವಿಚಾರಣೆಗಳ ಆರೋಪಪಟ್ಟಿ, ತೀರ್ಪುಗಳು ಸರ್ಕಾರದ ಗೆಜೆಟ್ ‘ತಕ್ವೀಮ್-ಇ ವಕಾಯಿ’ಯಲ್ಲೇ ಅಚ್ಚಾಗಿವೆ. ಅವನ್ನು ಇಂದಿನ ಲಿಪಿಯಲ್ಲಿ, ಟಿಪ್ಪಣಿಯಿಲ್ಲದೆ, ಸರ್ಕಾರದ ಜಾಲತಾಣದಲ್ಲಿ ಹಾಕಲು ಎಷ್ಟು ಖರ್ಚು? ನಿಮ್ಮದೇ ನ್ಯಾಯಾಲಯ ಬರೆದದ್ದನ್ನು ಮತ್ತೆ ಹೇಳಿದವರನ್ನು ನಿಮ್ಮದೇ ನ್ಯಾಯಾಲಯಕ್ಕೆ ಕರೆಯುವ ವಿಚಿತ್ರ ಆಗಲಾದರೂ ಕಣ್ಣಿಗೆ ಬೀಳುತ್ತದೆ.

ಪ್ಯಾರಿಸ್ ಸದಸ್ಯರು ನಗಬೇಕಾಗಿಲ್ಲ. 1961ರ ಅಕ್ಟೋಬರ್ 17ರಂದು ಕರ್ಫ್ಯೂ ವಿರೋಧಿಸಿ ಶಾಂತವಾಗಿ ಮೆರವಣಿಗೆ ಹೊರಟ ಅಲ್ಜೀರಿಯನ್ನರನ್ನು ನಿಮ್ಮ ಪೊಲೀಸರು ಕೊಂದು ಸೆನ್ ನದಿಗೆ ಎಸೆದರು. ವರ್ಷಗಟ್ಟಲೆ ಸರ್ಕಾರದ ಲೆಕ್ಕದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಅದನ್ನು ಹತ್ಯಾಕಾಂಡ ಎಂದ ಲೇಖಕ ಜಾನ್ ಲುಕ್ ಇನೋದಿ ಮೇಲೆ ಆಗಿನ ಪೊಲೀಸ್ ಮುಖ್ಯಸ್ಥ ಮೋರಿಸ್ ಪಾಪೋನ್ ಮಾನನಷ್ಟದ ಕೇಸು ಹಾಕಿದ. 1999ರ ಮಾರ್ಚ್ 26ರಂದು ಪಾಪೋನ್ ಸೋತ. ಸೋಲಿಸಿದ್ದರಲ್ಲಿ ದೊಡ್ಡ ಪಾಲು ಪ್ಯಾರಿಸ್ ದಾಖಲಾಗಾರದ ಇಬ್ಬರು ಅಧಿಕಾರಿಗಳದು. ಬ್ರಿಜಿತ್ ಲೆನೆ ಮತ್ತು ಫಿಲಿಪ್ ಗ್ರಾಂ ಕಡತಗಳಲ್ಲಿ ತಾವು ಕಂಡದ್ದನ್ನು ಕೋರ್ಟಿಗೆ ಸಾಕ್ಷ್ಯವಾಗಿ ಕೊಟ್ಟರು. ಅವರಿಗೆ ಸಿಕ್ಕ ಬಹುಮಾನವೆಂದರೆ ವರ್ಷಗಟ್ಟಲೆ ಕೆಲಸ ಕೊಡದೆ ಮೂಲೆಗೆ ಕೂರಿಸಿದ್ದು. ಐವತ್ತು ವರ್ಷ ಕಳೆದ ಕಡತಗಳಲ್ಲೂ ‘ರಹಸ್ಯ’ ಮುದ್ರೆ ಬಿದ್ದ ಪ್ರತಿ ಕಾಗದಕ್ಕೂ ಬೇರೆಬೇರೆಯಾಗಿ ಬಿಡುಗಡೆ ಆದೇಶ ಬೇಕು ಎಂಬ ಆಡಳಿತ ಸೂಚನೆಯನ್ನು 2021ರ ಜುಲೈ 2ರಂದು ನಿಮ್ಮ ಉನ್ನತ ಆಡಳಿತ ನ್ಯಾಯಾಲಯ ರದ್ದು ಮಾಡಿತು. ಅದೇ ತಿಂಗಳ 30ರ ಕಾನೂನಿನಲ್ಲಿ ನೀವು ಕೆಲವು ಬಗೆಯ ಸೇನೆ, ಗುಪ್ತಚರ ದಾಖಲೆಗಳಿಗೆ ಆ ಐವತ್ತು ವರ್ಷದ ಗಡಿಯನ್ನೇ ತೆಗೆದಿರಿ. ಆರ್ಮೇನಿಯದ ಬಗ್ಗೆ ಅಂಕಾರಾಕ್ಕೆ ಪಾಠ ಹೇಳುವಾಗಲೆಲ್ಲ ಅಂಕಾರಾ ಅಲ್ಜೀರಿಯ ಎನ್ನುವುದು ಇದಕ್ಕೇ.

ನಮ್ಮ ಮನೆಯೂ ಚೊಕ್ಕಟವಿಲ್ಲ, ಹೇಳಿಬಿಡುತ್ತೇವೆ. 2017ರ ಏಪ್ರಿಲ್‌ನಲ್ಲಿ ನಮ್ಮ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಯೆರೆವಾನ್‌ನ ಸ್ಮಾರಕಕ್ಕೆ ಹೋಗಿ ನಮಿಸಿದರು, ಆದರೆ ಭಾರತ ಸರ್ಕಾರ ಈವರೆಗೆ ನರಮೇಧ ಎಂದು ಅಧಿಕೃತವಾಗಿ ಹೇಳಿಲ್ಲ. ಸಮುದಾಯಗಳ ನಡುವೆ ದ್ವೇಷ ಬಿತ್ತುವ ಮಾತಿಗೆ ಶಿಕ್ಷೆ ಕೊಡುತ್ತಿದ್ದ ಹಳೆಯ ದಂಡಸಂಹಿತೆಯ 153ಎ ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಾಗಿ ಕೂತಿದೆ. ಅದಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು, ಆದರೆ ಅದು ಬೇಕಾಗುವುದು ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳುವಾಗ. ಎಫ್‌ಐಆರ್ ಹಾಕಿ ಬಂಧಿಸಲು ಅನುಮತಿ ಬೇಡ. ಆ ಲೆಕ್ಕದಲ್ಲಿ ತುರ್ಕಿಯ 301 ನಮ್ಮದಕ್ಕಿಂತ ಒಂದು ಮೆಟ್ಟಿಲು ವಾಸಿ! ಟಿಪ್ಪುವಿನ ಸೇನೆ ಕೊಡಗಿನಲ್ಲಿ, ಮಂಗಳೂರಿನ ಕ್ರೈಸ್ತರಿಗೆ, ಮೇಲುಕೋಟೆಯಲ್ಲಿ ಮಾಡಿದ್ದೇನು, ಮಾಡದಿದ್ದೇನು ಎಂಬ ಪ್ರಶ್ನೆಗೆ ನಾವು ಕಂಡದ್ದು 2015ರಲ್ಲಿ ಜಯಂತಿಯ ಆದೇಶ, 2019ರಲ್ಲಿ ರದ್ದಿನ ಆದೇಶ. ಎರಡಕ್ಕೂ ಯಾರೂ ಒಂದು ದಾಖಲೆಯನ್ನು ಹೊಸದಾಗಿ ಓದಬೇಕಾಗಿ ಬರಲಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಸಚಿವರೇ, 301ನ್ನು ಮತ್ತೆ ತಿದ್ದಬೇಡಿ, ತೆಗೆಯಿರಿ. ತೆಗೆಯುವವರೆಗೆ ವರ್ಷಕ್ಕೆ ಎಷ್ಟು ದೂರುಗಳು ನಿಮ್ಮ ಮೇಜಿಗೆ ಬಂದವು, ಎಷ್ಟಕ್ಕೆ ಅನುಮತಿ ಕೊಟ್ಟಿರಿ, ಯಾವ ಕಾರಣಕ್ಕೆ ಎಂದು ಪ್ರಕಟಿಸಿ. 1915ರ ಬಗೆಗಿನ ಮಾತಿಗೆ ಬಾನುಲಿ, ಟಿವಿಯಲ್ಲಿ ಏನು ಪ್ರಸಾರ ಮಾಡಬಾರದೆಂದು ಹೇಳುವ 6112ನೇ ಪ್ರಸಾರ ಕಾನೂನಿನ 8ನೇ ವಿಧಿಯನ್ನು ಬಳಸಬಾರದೆಂದು ಮಸೂದೆ ತನ್ನಿ, ಏಕೆಂದರೆ 301 ಹೋದ ಮರುದಿನ ಎಲ್ಲರೂ ಓಡುವುದು ಅಲ್ಲಿಗೇ. 2005ರ ಭದ್ರತಾ ಮಂಡಳಿಯ ಪತ್ರವನ್ನು ಹಿಂದಕ್ಕೆ ಪಡೆಯುವಂತೆ ಸಂಪುಟದಲ್ಲಿ ಕೇಳಿ. ಸಂಸದರೇ, ಇನ್ನೊಂದು ಮಸೂದೆಯ ಕರಡು ನಿಮ್ಮಲ್ಲಿ ಯಾರ ಜೇಬಿನಲ್ಲಾದರೂ ಇದ್ದರೆ ಅಲ್ಲೇ ಇರಲಿ. 2021ರ ಜುಲೈ 30ರ ಕಾನೂನು ಗಡಿ ತೆಗೆದ ಕಡತಗಳಿಗೆ ಒಂದು ಕೊನೆಯ ದಿನಾಂಕ ಹಾಕಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಾಖಲಾಗಾರದ ನೌಕರರಿಗೆ ಕಾನೂನಿನಲ್ಲೇ ರಕ್ಷಣೆ ಬರೆಯಿರಿ. ಈ ಕೊನೆಯದು ಅಂಕಾರಾದಲ್ಲೂ ದೆಹಲಿಯಲ್ಲೂ ಬೇಕಾದದ್ದೇ.

ಇಂತಿ,
ಇತಿಹಾಸ ಮತ್ತು ಕಾನೂನು ಬೋಧಿಸುವ ಕೆಲವರು,
ಕರ್ನಾಟಕ